ಹೊಳೆಸಾಲಿನ ಮಕ್ಕಳಿಗೆ ಊರಿನದೇ ಕತೆಪುಸ್ತಕ ಮಾಡುವ ಬಗೆ

ಬಾಗಲಕೋಟೆ ಜಿಲ್ಲೆಯ ಹೊಳೆಸಾಲಿನಲ್ಲಿ ಬೆಳೆಯುವ ಮೂರು ವರ್ಷದ ಮಗುವಿಗೆ ಹೊಳೆ ಗೊತ್ತು, ಕಬ್ಬಿನ ಪಡ ಗೊತ್ತು, ರೊಟ್ಟಿ ಬಡಿಯುವ ಸಪ್ಪಳ ಗೊತ್ತು, ಆಡಿನ ಮರಿಯ ಕಿವಿ ಹಿಡಿದರೆ ಅದು ಹೇಗೆ ಒದರುತ್ತದೆ ಎಂಬುದೂ ಗೊತ್ತು. ಅದೇ ಮಗು ಅಂಗನವಾಡಿಗೆ ಬಂದು ಮೊದಲ ಸಲ ಕೈಗೆತ್ತಿಕೊಳ್ಳುವ ಕತೆಪುಸ್ತಕದಲ್ಲಿ ಬಹಳ ಸಲ ಇವು ಯಾವುವೂ ಇರುವುದಿಲ್ಲ. ಕಾಣದ ಲೋಕವನ್ನು ತೋರಿಸುವ ಪುಸ್ತಕಗಳು ಮಕ್ಕಳಿಗೆ ಬೇಕೇ ಬೇಕು. ಆದರೆ ಪುಸ್ತಕವೆಂಬ ವಸ್ತುವನ್ನು ಮಗು ನಂಬುವುದು ತನಗೆ ಗೊತ್ತಿರುವುದೊಂದು ಅದರೊಳಗೆ ಸಿಕ್ಕಾಗ. ಆದ್ದರಿಂದ ಮೊದಲ ಒಂದೆರಡು ಪುಸ್ತಕಗಳಾದರೂ ಊರಿನ ಬಾಯಿಂದಲೇ ಹುಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥ ಪುಸ್ತಕವನ್ನು ಒಬ್ಬ ಅಂಗನವಾಡಿ ಕಾರ್ಯಕರ್ತೆ, ಒಬ್ಬ ಶಿಕ್ಷಕ ಮತ್ತು ಊರಿನ ನಾಲ್ಕಾರು ಜನ ಸೇರಿ ಮಾಡುವುದು ಹೇಗೆಂಬುದನ್ನು ಇಲ್ಲಿ ಹೇಳುತ್ತೇನೆ.

ಈ ಕೊರತೆ ನಮ್ಮೊಬ್ಬರದೇ ಅಲ್ಲ. ದ್ವೀಪಗಳಲ್ಲಿ ಬದುಕುವ ಜನರಿಗೆ ಇದು ಹಳೆಯ ಪರಿಚಯ. ಲಕ್ಷದ್ವೀಪದ 36 ದ್ವೀಪಗಳ ಪೈಕಿ 10ರಲ್ಲಿ ಜನವಸತಿಯಿದೆ. ಅಲ್ಲಿ ಹೆಚ್ಚಿನವರು ಮಲಯಾಳಂಗೆ ಹತ್ತಿರವಾದ ನುಡಿಯನ್ನಾಡಿದರೆ ಮಿನಿಕಾಯ್‌ನವರು ಮಾಲ್ಡೀವ್ಸಿನ ಭಾಷೆಗೆ ಸೇರಿದ ಮಹಲ್ ಆಡುತ್ತಾರೆ. ಶಾಲೆಯ ಪುಸ್ತಕ ಮಾತ್ರ ಕಡಲು ದಾಟಿ ಬರುತ್ತದೆ. ಪೆಸಿಫಿಕ್ ಸಾಗರದ ವನುವಾಟು ದೇಶದಲ್ಲಿ ಸುಮಾರು ಮೂರು ಲಕ್ಷ ಜನರ ನಡುವೆ ನೂರಕ್ಕೂ ಹೆಚ್ಚು ಭಾಷೆಗಳಿವೆ. ಆಡುವವರು ಅಷ್ಟು ಕಡಿಮೆಯಿರುವ ಭಾಷೆಗೆ ಹೊರಗಿನ ದೊಡ್ಡ ಪ್ರಕಾಶಕರು ಪುಸ್ತಕ ಮಾಡಿಕೊಡುವರೆಂದು ಕಾಯುತ್ತ ಕೂರಲಾಗುವುದಿಲ್ಲ. ಮಗುವಿನ ಮೊದಲ ಪುಸ್ತಕವನ್ನು ಊರೇ ಮಾಡಿಕೊಳ್ಳಬೇಕು. ನಮ್ಮಲ್ಲಿಯೂ ಕೃಷ್ಣೆಯ ನಡುವೆ ಗಡ್ಡಿಗಳು, ಅಂದರೆ ನಡುಗಡ್ಡೆಗಳು ಇವೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಗೇ ಉಕ್ಕಿ ಬಂದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಎಷ್ಟೋ ಊರುಗಳು ಕೆಲವು ದಿನಗಳ ಮಟ್ಟಿಗೆ ದ್ವೀಪಗಳೇ ಆಗಿದ್ದವು. ನೀರಿನ ನಡುವೆ ಬೆಳೆಯುವ ಮಗುವಿಗೆ ನೀರಿನ ಕತೆಯೇ ಮೊದಲ ಕತೆಯಾಗುವುದು ಸಹಜ.

ಕತೆ ಎಲ್ಲಿ ಸಿಗುತ್ತದೆ

ಮೊದಲ ಕೆಲಸ ಬರೆಯುವುದಲ್ಲ, ಕೇಳುವುದು. ಈ ನೆಲದಲ್ಲಿ ಅದಕ್ಕೆ ದೊಡ್ಡ ಪರಂಪರೆಯಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡದ್ದರಿಂದಲೇ ಅವು ಇಂದು ನಮಗೆ ಉಳಿದಿವೆ. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗ ಈ ಭಾಗದ ಅಜ್ಜಿಯರ ಬಾಯಿಂದ ಕತೆಗಳನ್ನು ಸಂಗ್ರಹಿಸಿದರು. ಅವರ ಕೈಯಲ್ಲಿದ್ದದ್ದು ಕಾಗದ ಮತ್ತು ಪೆನ್ನು. ನಮ್ಮ ಕೈಯಲ್ಲಿ ಮೊಬೈಲ್ ಇದೆ.

ಕತೆ ಕೇಳಲು ಹೋಗುವ ಹೊತ್ತನ್ನು ಕತೆ ಹೇಳುವವರೇ ಗೊತ್ತುಮಾಡಲಿ. ಕಳೆ ತೆಗೆಯುವ ದಿನಗಳಲ್ಲಿ ಹೋದರೆ ಯಾರೂ ಸಿಗುವುದಿಲ್ಲ. ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಅಥವಾ ಪಡಸಾಲೆಯಲ್ಲಿ ಕುಳಿತಾಗ ಮಾತು ತಾನಾಗಿ ಬರುತ್ತದೆ. ‘ಒಂದು ಜಾನಪದ ಕತೆ ಹೇಳ್ರಿ’ ಎಂದು ನೇರವಾಗಿ ಕೇಳಿದರೆ ಬಹಳ ಮಂದಿ ‘ನಮಗೇನು ಬರ್ತೈತ್ರೀ’ ಎಂದು ಸುಮ್ಮನಾಗುತ್ತಾರೆ. ಬದಲಿಗೆ ‘ಆಯೀ, ನೀವು ಸಣ್ಣವರಿದ್ದಾಗ ಹೊಳಿ ಬಂದಿದ್ದು ನೆನಪೈತೇನ್ರಿ?’ ಎಂದೋ, ‘ಮಕ್ಕಳು ಅಳೋಹೊತ್ತಿನ್ಯಾಗ ಏನ ಹೇಳಿ ಮಲಗಸ್ತಿದ್ರಿ?’ ಎಂದೋ ಕೇಳಬೇಕು. ಜೊತೆಯಲ್ಲಿ ಒಂದಿಬ್ಬರು ಮಕ್ಕಳಿರಲಿ, ಏಕೆಂದರೆ ಕತೆ ಹೇಳುವವರು ಮಗುವಿನ ಮುಖ ನೋಡಿದಾಗ ಬಳಸುವ ದನಿಯೇ ಬೇರೆ. ನಮಗೆ ಬೇಕಾಗಿರುವುದು ಆ ದನಿ. ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವ ಮುನ್ನ ಒಪ್ಪಿಗೆ ಕೇಳಬೇಕು, ಮುಗಿದ ಮೇಲೆ ಅದನ್ನು ಅವರಿಗೇ ಒಮ್ಮೆ ಕೇಳಿಸಬೇಕು.

ಕತೆಗೆ ಹೂಂಗುಟ್ಟುವ ಪದ್ಧತಿಯನ್ನು ವಿಶೇಷವಾಗಿ ಗಮನಿಸಿ. ನಮ್ಮ ಹಿರಿಯರು ‘ಹೂಂ ಅಂದ್ರ ಹೇಳ್ತೀನಿ’ ಎಂದು ಷರತ್ತು ಹಾಕಿಯೇ ಕತೆ ತೆಗೆಯುತ್ತಾರೆ, ಮಕ್ಕಳು ಪ್ರತಿ ಮಾತಿಗೂ ‘ಹೂಂ’ ಎನ್ನುತ್ತ ಹೋಗುತ್ತವೆ. ಮಗು ಎಲ್ಲಿ ‘ಹೂಂ’ ಎಂದಿತೋ ಅಲ್ಲಿ ಒಂದು ಗುರುತು ಹಾಕಿಕೊಳ್ಳಿ. ಪುಸ್ತಕದ ಪುಟ ತಿರುಗಬೇಕಾದ ಜಾಗ ಹೆಚ್ಚಾಗಿ ಅದೇ ಆಗಿರುತ್ತದೆ. ಪುಟವಿಭಜನೆಗೆ ಇದಕ್ಕಿಂತ ಒಳ್ಳೆಯ ಅಳತೆಯನ್ನು ನಾನು ಕಂಡಿಲ್ಲ.

ಕತೆ ಎಂದರೆ ರಾಜ, ರಾಕ್ಷಸರ ಕತೆಯೇ ಆಗಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಹೊಳೆದಂಡೆಯ ಮಣ್ಣು ತಂದು ಎತ್ತು ಮಾಡುವುದು ಒಂದು ಕತೆ. ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆಗೆ) ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಅಂದರೆ ಬೆಳೆಗೆ ಎಡೆ ಚೆಲ್ಲುವುದು, ಪಂಚಮಿಯ ಜೋಕಾಲಿಯಲ್ಲಿ ಕೂರಲು ಹೆದರುವ ತಂಗಿ, ಬೇಸಿಗೆಯಲ್ಲಿ ಹಿನ್ನೀರು ಸರಿದ ಮೇಲೆ ಹೊರಬೀಳುವ ಹಸಿಮಣ್ಣು, ಚಳಿಗಾಲಕ್ಕೆ ಆಲಮಟ್ಟಿಯ ಹಿನ್ನೀರಿಗೆ ಬರುವ ರಾಜಹಂಸ ಮತ್ತು ಪಟ್ಟೆತಲೆ ಹೆಬ್ಬಾತುಗಳು, ಇವೆಲ್ಲವೂ ಕತೆಗಳೇ. ಹಿಮಾಲಯವನ್ನು ದಾಟಿ ಬರುವ ಹೆಬ್ಬಾತು ನಮ್ಮೂರ ಕೆಸರಿನಲ್ಲಿ ಇಳಿಯುತ್ತದೆ ಎಂಬುದೊಂದೇ ಸಂಗತಿ ನಾಲ್ಕು ವರ್ಷದ ಮಗುವನ್ನು ಎಷ್ಟೋ ಹೊತ್ತು ಹಿಡಿದಿಡುತ್ತದೆ.

ಮುಳುಗಡೆಯ ಊರುಗಳಲ್ಲಿ ಇನ್ನೊಂದು ಬಗೆಯ ಕತೆಯಿದೆ, ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಂತೆ ಹಳೆಯ ಬಾಗಲಕೋಟೆಯ ಭಾಗಗಳೂ ಸುತ್ತಲಿನ ಅನೇಕ ಹಳ್ಳಿಗಳೂ ನೀರಿನಡಿ ಹೋದವು. ಇಂದು ಪುನರ್ವಸತಿ ಕೇಂದ್ರಗಳಲ್ಲಿ ಹುಟ್ಟಿದ ಮಕ್ಕಳಿಗೆ ಮುತ್ಯಾನ (ಅಜ್ಜನ) ಊರು ಎಂದರೆ ನೀರು ಮಾತ್ರ. ಆ ಊರಿನ ಅಗಸಿ (ಊರಬಾಗಿಲು) ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾವ ಗಿಡದ ಕೆಳಗೆ ಗೋಲಿ ಆಡುತ್ತಿದ್ದರು ಎಂಬುದನ್ನು ಹೇಳಬಲ್ಲವರು ಈಗ ವಯಸ್ಸಾದವರು. ಅವರ ಜೊತೆ ಕುಳಿತು ಮಕ್ಕಳಿಂದಲೇ ಆ ಊರಿನ ಚಿತ್ರ ಬರೆಸಿ, ಪುಟಕ್ಕೊಂದು ಜಾಗದಂತೆ ಪುಸ್ತಕ ಮಾಡಿದರೆ ಅದು ಮಕ್ಕಳ ಪುಸ್ತಕವೂ ಹೌದು, ಊರಿನ ದಾಖಲೆಯೂ ಹೌದು. ಆದರೆ ಕಳೆದುಕೊಂಡವರ ದುಃಖವನ್ನೆಲ್ಲ ಎಳೆಯ ಮಗುವಿನ ತಲೆಯ ಮೇಲೆ ಹೊರಿಸಬಾರದು. ‘ಇಲ್ಲಿ ಹಿಂಗ ಇತ್ತು’ ಎಂಬ ಕುತೂಹಲವೇ ಪುಸ್ತಕದ ಸ್ಥಾಯಿಯಾಗಿರಲಿ.

ಜನಪದ ಕತೆಗಳನ್ನು ಆಯುವಾಗ ಸರಪಳಿಯಂತೆ ಬೆಳೆಯುವ, ಒಂದೇ ಮಾತು ಮರಳಿ ಮರಳಿ ಬರುವ ಕತೆಗಳನ್ನು ಮೊದಲು ತೆಗೆದುಕೊಳ್ಳಿ. ಮಳೆಯಲ್ಲಿ ಸಗಣಿಯ ಮನೆ ಕರಗಿ ಕಾಗೆ ಬಂದು ಗುಬ್ಬಿಯ ಕದ ಬಡಿಯುವ ಕತೆ ಇದಕ್ಕೆ ಒಳ್ಳೆಯ ಮಾದರಿ: ಕಾಗೆ ಪ್ರತಿ ಸಲ ಅದೇ ಮಾತು ಹೇಳುತ್ತದೆ, ಗುಬ್ಬಿ ಪ್ರತಿ ಸಲ ಹೊಸದೊಂದು ನೆಪ ಹೇಳುತ್ತದೆ. ಮೂರನೆಯ ಸಲಕ್ಕೆ ಮಕ್ಕಳೇ ಕಾಗೆಯಾಗಿ ಕೂಗುತ್ತಾರೆ. ಕೆಲವು ಕತೆಗಳಲ್ಲಿ ಜಾತಿಯನ್ನೋ ದೇಹದ ಊನವನ್ನೋ ಹೀಯಾಳಿಸುವ ಮಾತುಗಳಿರುತ್ತವೆ. ಅವನ್ನು ಹೇಳಿದವರೊಂದಿಗೆ ಮಾತನಾಡಿ ಬಿಟ್ಟುಬಿಡಬೇಕು. ಆದರೆ ಕತೆಯ ಕೊನೆಯನ್ನು ಸಪ್ಪೆ ಮಾಡುವುದು, ಕಡೆಯಲ್ಲಿ ‘ನೀತಿ’ ಎಂದು ಒಂದು ಸಾಲು ಅಂಟಿಸುವುದು, ಇವೆರಡನ್ನೂ ಮಾಡಬೇಡಿ. ಅಜ್ಜಿ ಅದನ್ನು ಹಾಗೆ ಹೇಳಿರಲಿಲ್ಲ.

ಯಾವ ಕನ್ನಡದಲ್ಲಿ ಬರೆಯಬೇಕು

ಎಲ್ಲರೂ ತಡವರಿಸುವುದು ಇಲ್ಲಿಯೇ. ಮನೆಯಲ್ಲಿ ಬಟಾಟಿ, ಉಳ್ಳಾಗಡ್ಡಿ, ಶೇಂಗಾ ಎನ್ನುವ ಮಗುವಿಗೆ ಪುಸ್ತಕ ಆಲೂಗಡ್ಡೆ, ಈರುಳ್ಳಿ, ಕಡಲೆಕಾಯಿ ಎಂದರೆ ಅದು ಚಿತ್ರ ನೋಡಿ ತನ್ನ ಮಾತನ್ನೇ ಹೇಳುತ್ತದೆ, ಹೇಳಿದ್ದು ತಪ್ಪೆಂದು ತಿದ್ದಿಸಿಕೊಳ್ಳುತ್ತದೆ. ಹೀಗೆ ನಾಲ್ಕು ಸಲ ತಿದ್ದಿಸಿಕೊಂಡ ಮಗು ಐದನೆಯ ಸಲ ಬಾಯಿ ತೆರೆಯುವುದಿಲ್ಲ. ಒಂದು ಅಂಗನವಾಡಿಯಲ್ಲಿ ಅದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಈ ಕೆಲಸಕ್ಕೆ ಇಳಿದೆ.

ನನ್ನ ಸಲಹೆ ವಯಸ್ಸಿಗೆ ತಕ್ಕಂತೆ ಬೇರೆಯಾಗುತ್ತದೆ. ಮೂರರಿಂದ ಐದು ವರ್ಷದ ಮಗು ಓದುವುದಿಲ್ಲ, ಕೇಳುತ್ತದೆ. ಪುಟದ ಮೇಲಿನ ಅಕ್ಷರ ನಿಜವಾಗಿ ದೊಡ್ಡವರಿಗೆ ಒದಗುವ ನೆರವು. ಆದ್ದರಿಂದ ಆ ಪುಸ್ತಕ ಪೂರ್ತಿಯಾಗಿ ಮನೆಮಾತಿನಲ್ಲಿಯೇ ಇರಲಿ. ಐದು ದಾಟಿ ಅಕ್ಷರ ಗುರುತಿಸತೊಡಗಿದ ಮಗುವಿಗೆ ನಿರೂಪಣೆ ಸರಳವಾದ ಪುಸ್ತಕದ ಕನ್ನಡದಲ್ಲಿಯೂ ಪಾತ್ರಗಳ ಮಾತು ಮನೆಯ ಕನ್ನಡದಲ್ಲಿಯೂ ಇದ್ದರೆ ಎರಡರ ನಡುವೆ ಒಂದು ಸಂಕ ಹಾಕಿದಂತಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಸಾಧ್ಯವಿದ್ದಲ್ಲೆಲ್ಲ ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳಿದೆ. ‘ಆಡುಮಾತನ್ನು ಪುಸ್ತಕದಲ್ಲಿ ಹಾಕಿದರೆ ಮಕ್ಕಳ ಭಾಷೆ ಕೆಡುತ್ತದೆ’ ಎಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ತೋರಿಸಬಹುದು.

ಆಡುಮಾತನ್ನು ಬರೆಯುವುದಕ್ಕೂ ಶಿಸ್ತು ಬೇಕು. ಬಾಗಲಕೋಟೆಯ ಕಡೆ ‘ಮಾಡಾಕತ್ತಾನ’ ಎನ್ನುವುದನ್ನು ವಿಜಯಪುರದ ಕೆಲವು ಊರುಗಳಲ್ಲಿ ‘ಮಾಡ್ಲಾಕತ್ತಾನ’ ಎನ್ನುತ್ತಾರೆ. ಯಾವ ಊರಿಗೆ ಪುಸ್ತಕ ಮಾಡುತ್ತಿದ್ದೀರೋ ಆ ಊರಿನ ರೂಪವನ್ನೇ ಆರಿಸಿ, ಒಂದು ಹಾಳೆಯಲ್ಲಿ ನಿಮ್ಮ ಕಾಗುಣಿತವನ್ನು ಬರೆದಿಟ್ಟುಕೊಳ್ಳಿ. ಒಂದು ಪುಟದಲ್ಲಿ ‘ಮನಿಗಿ’, ಇನ್ನೊಂದರಲ್ಲಿ ‘ಮನೀಗೆ’ ಆಗಬಾರದು. ನಂಟಿನ ಹೆಸರುಗಳೂ ಊರಿನವೇ ಇರಲಿ: ಅವ್ವ, ಮುತ್ಯಾ, ಆಯಿ, ಕಾಕಾ, ಚಿಗವ್ವ, ಅತ್ತಿ.

ಒಂದು ಪುಟಕ್ಕೆ ಎಷ್ಟು ಮಾತು ಎಂಬುದು ತಿಳಿಯಲು, ನದಿಸಾಲಿನ ಮೂರು ನಾಲ್ಕು ವರ್ಷದ ಮಕ್ಕಳಿಗಾಗಿ ನಾನು ಕಟ್ಟಿದ ಒಂದು ಕತೆಯ ಪುಟಗಳನ್ನು ಕೊಡುತ್ತೇನೆ. ಒಂದೊಂದು ಗೆರೆಯೂ ಒಂದು ಜೋಡಿಪುಟ, ಅಂದರೆ ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟ.

ಹೊಳಿ ಬಂತವ್ವಾ, ಹೊಳಿ ಬಂತು! ಎಲ್ಲೀತನಾ ಬಂತು? ಬೇವಿನ ಗಿಡದತನಾ ಬಂತು.
ಕೋಳಿ ಅಂತು, ‘ನಾ ಮ್ಯಾಲ ಹೋಗ್ತೀನಿ.’ ಪಟಪಟ, ಪಟಪಟ.
ಹೊಳಿ ಬಂತವ್ವಾ, ಹೊಳಿ ಬಂತು! ಎಲ್ಲೀತನಾ ಬಂತು? ಅಗಸೀತನಾ ಬಂತು.
ಆಡು ಅಂತು, ‘ನಾನೂ ಮ್ಯಾಲ ಹೋಗ್ತೀನಿ.’ ಟಕಟಕ, ಟಕಟಕ.
ಹೊಳಿ ಬಂತವ್ವಾ, ಹೊಳಿ ಬಂತು! ಎಲ್ಲೀತನಾ ಬಂತು? ಗುಡಿ ಮೆಟ್ಟಲತನಾ ಬಂತು.
ಗುಡಿ ಮ್ಯಾಲ ಯಾರ ಅದಾರ? ಕೋಳಿ ಐತಿ, ಆಡು ಐತಿ, ಆಯಿ ಅದಾಳ, ನಾನೂ ಅದೀನಿ.
ಹೊಳಿ ಹೋತವ್ವಾ, ಹೊಳಿ ಹೋತು! ಎಲ್ಲಿಗಿ ಹೋತು? ತನ್ನ ಮನಿಗಿ ಹೋತು.

ಇದರಲ್ಲಿ ಎರಡು ಸಂಗತಿಗಳನ್ನು ಉದ್ದೇಶಪೂರ್ವಕವಾಗಿ ಇಟ್ಟಿದ್ದೇನೆ. ಪ್ರವಾಹವನ್ನು ಕಂಡ ಮಗುವಿಗೆ ನೀರೇರುವ ಚಿತ್ರ ಹೆದರಿಕೆ ತರಬಲ್ಲದು. ಆದ್ದರಿಂದ ಪ್ರತಿ ಏರಿಕೆಯ ಬೆನ್ನಿಗೇ ಯಾರಾದರೊಬ್ಬರು ಸುರಕ್ಷಿತವಾದ ಎತ್ತರಕ್ಕೆ ತಲುಪುತ್ತಾರೆ, ಕಡೆಯಲ್ಲಿ ಮಗು ಆಯಿಯ ಪಕ್ಕದಲ್ಲಿರುತ್ತದೆ. ಇನ್ನೊಂದು, ನೀರು ಬಂದಾಗ ಮೇಲಕ್ಕೆ ಹೋಗಬೇಕೆಂಬ ಅರಿವು ಉಪದೇಶದ ಒಂದು ಮಾತೂ ಇಲ್ಲದೆ ಮಗುವಿನ ಮೈಗೆ ಇಳಿಯುತ್ತದೆ. ನಿಮ್ಮ ಊರಿನಲ್ಲಿ ಎತ್ತರದ ಜಾಗ ಗುಡಿಯೋ ಮಸೀದಿಯ ಕಟ್ಟೆಯೋ ಶಾಲೆಯ ಮಾಳಿಗೆಯೋ, ಅದನ್ನೇ ಬರೆಯಿರಿ.

ಎಲ್ಲ ಮಕ್ಕಳ ಮನೆಮಾತು ಕನ್ನಡವಲ್ಲ ಎಂಬುದನ್ನು ಮರೆಯಬಾರದು. ವಿಜಯಪುರ, ಬಾಗಲಕೋಟೆಯ ತಾಂಡಾಗಳಲ್ಲಿ ಲಂಬಾಣಿ, ಗಡಿಯ ಊರುಗಳಲ್ಲಿ ಮರಾಠಿ, ಮುಸ್ಲಿಮರ ಎಷ್ಟೋ ಮನೆಗಳಲ್ಲಿ ದಖನಿ ಉರ್ದು ಇದೆ. ಲಂಬಾಣಿಗೆ ತನ್ನದೇ ಲಿಪಿಯಿಲ್ಲದ ಕಾರಣ ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಮೇಲಿನ ಸಾಲು ಲಂಬಾಣಿ, ಕೆಳಗಿನ ಸಾಲು ಕನ್ನಡ ಎಂದು ಜೋಡಿಸಿದರೆ ಎರಡು ಗುಂಪಿನ ಮಕ್ಕಳೂ ಒಂದೇ ಪುಸ್ತಕದ ಮುಂದೆ ಕೂರುತ್ತಾರೆ. ಆದರೆ ಲಂಬಾಣಿ ಸಾಲನ್ನು ತಾಂಡಾದವರೇ ಹೇಳಬೇಕು. ಕನ್ನಡ ಬಲ್ಲವರು ಊಹಿಸಿ ಬರೆಯಬಾರದು.

ಚಿತ್ರ

ಚಿತ್ರಕಾರರನ್ನು ಹುಡುಕಿಕೊಂಡು ಪೇಟೆಗೆ ಹೋಗುವ ಮುನ್ನ ಮನೆಯ ಟ್ರಂಕನ್ನು ತೆಗೆದು ನೋಡಿ. ಇಳಕಲ್ ಸೀರೆಯ ತೋಪುತೆನಿ ಸೆರಗು, ಗುಳೇದಗುಡ್ಡದ ಖಣ, ಕಸೂತಿಯ ತೇರು, ಗೋಪುರ, ನವಿಲು, ಆನೆಗಳು ಅಲ್ಲಿರುತ್ತವೆ. ಕಸೂತಿಯನ್ನು ಎಳೆ ಎಣಿಸಿ ಹಾಕುವುದರಿಂದ ಅದನ್ನು ಚೌಕುಳಿ ಹಾಳೆಯ ಮೇಲೆ, ಅಂದರೆ ಮಕ್ಕಳು ಗಣಿತಕ್ಕೆ ಬಳಸುವ ನೋಟ್‌ಬುಕ್ಕಿನ ಮೇಲೆಯೇ ಸುಲಭವಾಗಿ ಬರೆಯಬಹುದು. ಕಸೂತಿಯ ಹೊಲಿಗೆಗಳಲ್ಲಿ ಗವಂತಿ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತದೆ, ಮುರಗಿ ಮೆಟ್ಟಿಲಿನಂತೆ ಓರೆಯಾಗಿ ಏರುತ್ತದೆ. ಹೊಳೆಯ ಅಲೆಗೆ ಮುರಗಿಯ ಗೆರೆ ಹೇಳಿಮಾಡಿಸಿದಂತಿದೆ. ವನುವಾಟುವಿನ ದ್ವೀಪಗಳಲ್ಲಿ ಹಿರಿಯರು ಮರಳಿನ ಮೇಲೆ ಬೆರಳನ್ನು ಎತ್ತದೆ ಒಂದೇ ಗೆರೆಯಲ್ಲಿ ಚಿತ್ರ ಬರೆಯುತ್ತ ಕತೆ ಹೇಳುತ್ತಾರೆ; ಆ ಕಲೆ 2008ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಅಂಗಳದ ಚುಕ್ಕಿ ರಂಗೋಲಿಗೂ ಅಂಥ ಗುಣವಿದೆ. ರಂಗೋಲಿ ಹಾಕುವ ಅಕ್ಕ ತಂಗಿಯರಿಂದಲೇ ಪುಟದ ಅಂಚು, ಗಿಡ, ಹಕ್ಕಿಗಳನ್ನು ಬರೆಸಿ.

ಸುಂದರವಾಗಿದ್ದರೆ ಸಾಲದು, ಸರಿಯಾಗಿಯೂ ಇರಬೇಕು. ಚಕ್ಕಡಿಗೆ ಎಷ್ಟು ಗಾಲಿ, ನೊಗ ಎಲ್ಲಿ ಕೂರುತ್ತದೆ, ಎಮ್ಮೆಯ ಕೋಡು ಎತ್ತ ಬಾಗುತ್ತದೆ ಎಂಬುದು ಮಕ್ಕಳಿಗೆ ಬಲು ಚೆನ್ನಾಗಿ ಗೊತ್ತು. ಕುರಿಗಾಹಿಯ ಮನೆ, ನೇಕಾರರ ಮಗ್ಗ, ಮೀನುಗಾರರ ಬಲೆ, ಗಾಲಿಕುರ್ಚಿಯಲ್ಲಿ ಕೂರುವ ಗೆಳೆಯ, ಎಲ್ಲರೂ ಚಿತ್ರದಲ್ಲಿ ಸಹಜವಾಗಿ ಇರಲಿ. ಮಕ್ಕಳ ಫೋಟೊ ಬಳಸುವುದಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಚಿತ್ರ ಬರೆದರೆ ಆ ತೊಡಕಿಲ್ಲ.

ಹೊಲಿಗೆ, ಮುದ್ರಣ

ಎ-4 ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟ. ನಾಲ್ಕು ಹಾಳೆಗೆ 16 ಪುಟ. ಮೊದಲ ಮತ್ತು ಕೊನೆಯ ಪುಟ ರಕ್ಷಾಪುಟವಾದರೆ ಒಳಗೆ ಏಳು ಜೋಡಿಪುಟ ಉಳಿಯುತ್ತವೆ. ಮೇಲಿನ ಕತೆಗೆ ಏಳು ಗೆರೆ ಇರುವುದು ಅದಕ್ಕಾಗಿಯೇ. ಹೊರಗಿನ ಹಾಳೆಯ ಒಂದು ಮೈಯಲ್ಲಿ 16 ಮತ್ತು 1, ಹಿಂದಿನ ಮೈಯಲ್ಲಿ 2 ಮತ್ತು 15 ಬರುತ್ತವೆ. ಕಂಪ್ಯೂಟರಿನಲ್ಲಿ ಬುಕ್‌ಲೆಟ್ ಆಯ್ಕೆ ಒತ್ತಿದರೆ ಈ ಲೆಕ್ಕ ತಾನಾಗಿ ಆಗುತ್ತದೆ. ಅಕ್ಷರ 24 ಪಾಯಿಂಟಿಗಿಂತ ಕಡಿಮೆ ಬೇಡ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಷ್ಟು ಎಡೆ ಇರಲಿ. ಯೂನಿಕೋಡ್ ಅಕ್ಷರದಲ್ಲಿಯೇ ಟೈಪ್ ಮಾಡಿದರೆ ಮುಂದೆ ಬೇರೆ ಊರಿನವರು ಅದನ್ನು ತಮ್ಮ ನುಡಿಗೆ ತಿದ್ದಿಕೊಳ್ಳಬಹುದು. ಚಿತ್ರಗಳನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಪಿನ್ನಿನ ಚೂಪು ಮಕ್ಕಳ ಬೆರಳಿಗೆ ತಾಗುತ್ತದಾದ್ದರಿಂದ ನಡುವೆ ದಪ್ಪ ದಾರದ ಹೊಲಿಗೆ ಹಾಕುವುದನ್ನೇ ನಾನು ಇಷ್ಟಪಡುತ್ತೇನೆ. ಇಪ್ಪತ್ತು ಮಕ್ಕಳಿಗೆ ಒಟ್ಟಿಗೆ ತೋರಿಸಲು ಇದೇ ಪುಸ್ತಕವನ್ನು ಡ್ರಾಯಿಂಗ್ ಶೀಟಿನ ಮೇಲೆ ದೊಡ್ಡದಾಗಿಯೂ ಒಂದು ಪ್ರತಿ ಮಾಡಿಕೊಳ್ಳಿ.

ಆದರೆ ಪ್ರೆಸ್ಸಿಗೆ ಹೋಗುವ ಮುನ್ನ ಕೈಬರಹದ ಕಚ್ಚಾ ಪ್ರತಿಯನ್ನು ಕನಿಷ್ಠ ಮೂರು ದಿನ ಮಕ್ಕಳ ಮುಂದೆ ಓದಬೇಕು. ಮೊದಲ ದಿನ ಅವರ ಕಣ್ಣು ಎಲ್ಲಿ ಪುಟದಿಂದ ಆಚೆ ಹೋಗುತ್ತದೆಂದು ನೋಡಿ. ಆ ಪುಟ ಉದ್ದವಾಗಿದೆ ಅಥವಾ ಬೇಡವಾಗಿದೆ. ಎರಡನೆಯ ದಿನ ಮರಳಿ ಬರುವ ಮಾತಿಗೆ ಅವರು ದನಿಗೂಡಿಸದಿದ್ದರೆ ಆ ಮಾತಿನ ಲಯ ಸರಿಯಿಲ್ಲ. ಕತೆ ಹೇಳಿದ ಅಜ್ಜಿಯ ಮುದ್ರಿತ ದನಿಯನ್ನು ಮತ್ತೆ ಕೇಳಿ ತಿದ್ದಿ. ಮೂರನೆಯ ದಿನ ಪುಸ್ತಕವನ್ನು ಒಂದು ಮಗುವಿನ ಕೈಗೆ ಕೊಟ್ಟು ಕತೆ ಹೇಳಿಸಿ, ಅದು ಬಳಸಿದ ಪದ ನಿಮ್ಮ ಪದಕ್ಕಿಂತ ಚೆನ್ನಾಗಿದ್ದರೆ ಅದನ್ನೇ ತೆಗೆದುಕೊಳ್ಳಿ.

ಹಿಂಬದಿಯಲ್ಲಿ ಕತೆ ಹೇಳಿದವರ, ಚಿತ್ರ ಬರೆದವರ ಹೆಸರುಗಳು ಅವರ ಒಪ್ಪಿಗೆಯಿಂದ ಬರಬೇಕು. ‘ಸಂಗ್ರಹ’ ಎಂದು ಬರೆದುಕೊಂಡವರ ಹೆಸರಷ್ಟೇ ಹಾಕುವುದು ಅನ್ಯಾಯ. ಕತೆಯನ್ನು ಹೊರಗಿನವರೂ ಬಳಸಲಿ ಎಂಬ ಇಚ್ಛೆ ಊರಿಗಿದ್ದರೆ, ಮಕ್ಕಳ ಪುಸ್ತಕಗಳ ಪ್ರಕಾಶಕರಾದ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯಡಿ, ಅಂದರೆ ಯಾರು ಬೇಕಾದರೂ ಬಳಸಲು ಒಪ್ಪಿಗೆ ಕೊಟ್ಟು, ಅದನ್ನು ಸೇರಿಸಬಹುದು. ಕೆಲವು ಹಾಡು, ಕತೆಗಳನ್ನು ಊರಿನೊಳಗೇ ಇಟ್ಟುಕೊಳ್ಳಬೇಕೆಂದು ಹಿರಿಯರು ಹೇಳಿದರೆ ಅದಕ್ಕೂ ತಲೆಬಾಗಬೇಕು. ಮೊದಲ ಪ್ರತಿ ಕತೆ ಹೇಳಿದವರ ಮನೆಗೆ ಹೋಗಲಿ, ಅವರ ಮುಂದೆ ಒಂದು ಮಗು ಅದನ್ನು ಓದಲಿ.

ಕೊನೆಯದಾಗಿ, ಚಿತ್ರಗಳ ಮೂಲ ಹಾಳೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿ ಹಾಕಿ ಅಟ್ಟದ ಮೇಲಿಡಿ, ಮುದ್ರಿಸಿಕೊಂಡ ದನಿ ಮತ್ತು ಟೈಪ್ ಮಾಡಿದ ಕಡತಗಳ ಒಂದು ಪ್ರತಿಯನ್ನು ಎತ್ತರದ ಬೇರೆ ಊರಿನ ನೆಂಟರ ಮನೆಯಲ್ಲಿಡಿ. ಹೊಳೆ ಮತ್ತೆ ಬರುತ್ತದೆ.